ಟೀಚರ್ ಹಾಡಿದ ಹಾಗೆ

ಹುಂಚದಿಂದ ಮದುವೆಯಾಗಿ ಸಾಗರಕ್ಕೆ ಬಂದ ವಿಜಯಲಕ್ಷ್ಮೀ ಮನೆಯ ಜಗಲಿಯಲ್ಲೇ ಪುಟ್ಟ ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದಳು. ಪಾಠವೆಂದರೆ ಆಟವೇ. ಒಬ್ಬರು ಹುಣಸೆಬೀಜ ಬಚ್ಚಿಡಬೇಕು. ಹುಡುಕುವವರು ಅದರ ಹತ್ತಿರ ಬಂದರೆ ಉಳಿದವರು ಸ್ವರ ಏರಿಸಬೇಕು, ದೂರ ಹೋದರೆ ಇಳಿಸಬೇಕು. ಶ್ರುತಿ ಎಂದರೇನೆಂದು ಅವಳು ಯಾವ ಮಗುವಿಗೂ ವಿವರಿಸಿದವಳಲ್ಲ. ತಾನು ಹಾಡುವಳು, ಅವು ಹಾಗೆಯೇ ಹಾಡುವವು.

ಕಳೆದ ವರ್ಷ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು ಥೈರಾಯ್ಡ್ ಆಪರೇಷನ್ ಆಯಿತು. ಎಚ್ಚರವಾದಾಗ ಗಂಟಲಿನಿಂದ ಬಂದದ್ದು ಬರೀ ಗಾಳಿ.

"ಧ್ವನಿಯ ನರಕ್ಕೆ ಪೆಟ್ಟಾಗಿದೆ. ವಾಪಸ್ ಬರಬಹುದು, ಬರದೆಯೂ ಇರಬಹುದು" ಎಂದರು ಡಾಕ್ಟರು.

ತಿಂಗಳುಗಳ ಮೇಲೆ ಮಾತು ಬಂತು, ಒರಟಾಗಿ. ಹಾಡು ಮಾತ್ರ ಮೇಲೇರುವಲ್ಲೆಲ್ಲ ಸೀಳಿಹೋಗುತ್ತಿತ್ತು. ಆದರೂ ಜಗಲಿ ಗುಡಿಸಿ ಮಕ್ಕಳನ್ನು ಕರೆದಳು. ಅವು ಓಡಿ ಬಂದವು.

ವಾರ ಕಳೆಯುವಷ್ಟರಲ್ಲಿ ಅವೆಲ್ಲ ಗಂಟಲು ಬಿಗಿದು, ಮೇಲಿನ ಸ್ವರ ಬಂದಲ್ಲಿ ಬೇಕೆಂದೇ ದನಿ ಒಡೆದು ಹಾಡತೊಡಗಿದವು. ಅಣಕವೆನ್ನೋಣವೆಂದರೆ ಒಂದು ಮುಖದಲ್ಲೂ ನಗುವಿರಲಿಲ್ಲ.

"ಹಾಗಲ್ಲ ಚೈತ್ರಾ, ಬಾಯಿ ಬಿಟ್ಟು ಹಾಡು ಪುಟ್ಟಿ."

"ನೀವು ಹಾಡಿದ ಹಂಗೇ ಹಾಡಿದ್ನಲ್ಲ ಟೀಚರ್?" ಎಂದಿತು ಮಗು.

ವಿಜಯಲಕ್ಷ್ಮೀ ಮರುದಿನ ಹಾರ್ಮೋನಿಯಂ ಮುಂದಿಟ್ಟುಕೊಂಡು ತಾನು ಹಾಡದೆ, ಬರೀ ಅದರ ಕಪ್ಪು-ಬಿಳಿ ಮನೆಗಳನ್ನು ಒತ್ತಿ ಸ್ವರ ತೋರಿಸಿದಳು. ಮಕ್ಕಳು ಕೈಕಟ್ಟಿ ಅವಳ ಬೆರಳು ನೋಡುತ್ತ ಕೂತವು. ಯಾರೂ ಎದ್ದು ಓಡಲಿಲ್ಲ, ಬೀಜ ಕೇಳಲಿಲ್ಲ. ತಡೆಯಲಾರದೆ ಮತ್ತೆ ತಾನೇ ಹಾಡಿದಳು. ಮಕ್ಕಳು ಮತ್ತೆ ಒಡಕು ದನಿಯಲ್ಲಿ ಹಿಂಬಾಲಿಸಿದವು.

ಒಂದು ಸಂಜೆ ಚೈತ್ರಾಳ ತಾಯಿ ಭವ್ಯಾ ಮೆಟ್ಟಿಲ ಮೇಲೆಯೇ ನಿಂತು ಹೇಳಿದಳು: "ತಪ್ಪು ತಿಳ್ಕೋಬೇಡಿ ಟೀಚರ್. ಮನೇಲೂ ಇವಳು ಹಂಗೇ ಕಿರುಚ್ತಾಳೆ. ಗಂಟಲು ಕೆಟ್ಟೋದ್ರೆ ಎಂತ ಮಾಡೋದು?"

ಸಿಟ್ಟು ಬಂದಿದ್ದರೆ ಸಲೀಸಾಗುತ್ತಿತ್ತು. ಆದರೆ ಭವ್ಯಾ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. "ಕರ್ಕೊಂಡು ಹೋಗಿ" ಎಂದಳು ವಿಜಯಲಕ್ಷ್ಮೀ. ಉಳಿದ ತಾಯಂದಿರು ಬಾಯಿಬಿಡುವವರೆಗೂ ಅವಳು ಕಾಯಲಿಲ್ಲ. ಸೆರಗು ಹೊದ್ದು ಮನೆಮನೆಗೆ ಹೋಗಿ, ನಾಳೆಯಿಂದ ಮಕ್ಕಳನ್ನು ಕಳಿಸಬೇಡಿ ಎಂದು ಹೇಳಿ ಬಂದಳು. ಒಂದು ಮನೆಯಲ್ಲೂ "ಯಾಕೆ?" ಎಂದು ಯಾರೂ ಕೇಳಲಿಲ್ಲ. ಅದು ಅವಳನ್ನು ಹೆಚ್ಚು ಕುಸಿಯುವಂತೆ ಮಾಡಿತು.

ಈಗ ಗಂಡ ವಿಮಲನ ಬಳೆಯಂಗಡಿಯಲ್ಲಿ ಕೂರುತ್ತಾಳೆ. ಬಸದಿಯಲ್ಲಿ ಎಲ್ಲರೂ ಸ್ತುತಿ ಹಾಡುವಾಗ ತುಟಿ ಬಿಗಿದು ನಿಲ್ಲುತ್ತಾಳೆ. "ಮೆಲ್ಲಗೆ ಹೇಳ್ಕೊಳ್ಳೇ, ಯಾರಿಗೆ ಕೇಳ್ತದೆ?" ಎಂದಿದ್ದ ವಿಮಲ್ ಒಮ್ಮೆ.

"ನಂಗೆ ಕೇಳ್ತದಲ್ರೀ."