ಅಂಬಿಗ ಕಾಕಾನ ಮೋಟಾರು ಪುಸ್ತಕ

ಅಂಬಿಗ ಕಾಕಾನ ಬಲ ಅಂಗೈಗೆ ಅಡ್ಡವಾಗಿ ಒಂದು ನುಣುಪಾದ ಗೆರೆ ಇತ್ತು. ಹುಟ್ಟು ಹಾಕಿ ಬಂದದ್ದಲ್ಲ. ಮೋಟಾರಿನ ಹಗ್ಗ ಎಳೆದೆಳೆದು ಬಂದದ್ದು. ದೋಣಿಯ ಹಿಂದೆ ತಗುಲಿಸುವ ಆ ಮೋಟಾರನ್ನು ಒಬ್ಬ ಜಾಗೀರದಾರರು ಬೇಟೆಗೆಂದು ತರಿಸಿ, ಕೆಟ್ಟ ಮೇಲೆ ಕಾಕಾನಿಗೆ ಕೊಟ್ಟಿದ್ದರು. ಜೊತೆಗೆ ಅದರ ರಿಪೇರಿ ಪುಸ್ತಕ, ನಡುವೆ ಎರಡು ದಪ್ಪ ತಂತಿಯಿಂದ ಹೊಲಿದದ್ದು.

ನಾನು ಆಗ ಮಾಗನೂರಿನ ಶಾಲೆಯಲ್ಲಿ ಮಾಸ್ತರ. ಪುಸ್ತಕ ಇಂಗ್ಲಿಷಿನಲ್ಲಿದ್ದುದರಿಂದ ನನ್ನ ಮನೆಯಲ್ಲೇ ಇರುತ್ತಿತ್ತು. ಸಂಜೆ ನಾನು ಓದಿ ಹೇಳುವುದು. ಅವನು ಕಂಬಳಿ ಹಾಸಿ, ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿಡುವುದು. ಹಿಂದಿನ ಮಳೆಗಾಲದಲ್ಲಿ ಕೃಷ್ಣೆ ತುಂಬಿ, ಗದ್ವಾಲಿನ ದವಾಖಾನೆಗೆ ದಾಟಿಸಲಾಗದೆ ಬಸುರಿಯೊಬ್ಬಳು ದಡದಲ್ಲೇ ತೀರಿಕೊಂಡಿದ್ದಳು.

"ಹುಟ್ಟಿನ ಕೈಯಾಗ ಆಗೂದಿಲ್ರಿ ಮಾಸ್ತರ. ಇದನ್ನ ನಡಸಬೇಕು," ಎನ್ನುತ್ತಿದ್ದ.

ಅಷ್ಟರಲ್ಲಿ ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆ ಬಂತು, ಹಳೆಯ ಸರ್ಕಾರ ಉರುಳಿತು. ಹಳೆಯ ಮೊಹರಿನ ಕಾಗದ ಸಿಕ್ಕರೆ ಎಳೆದೊಯ್ಯುತ್ತಾರೆಂಬ ಗಾಳಿಸುದ್ದಿ. ಪುಸ್ತಕದ ಮೊದಲ ಪುಟದಲ್ಲಿ ಜಾಗೀರದಾರರ ಉರ್ದು ಮೊಹರಿತ್ತು. ಆ ಒಂದು ಪುಟ ಹರಿದಿದ್ದರೆ ಸಾಕಿತ್ತು. ನಾನು ಇಡೀ ಪುಸ್ತಕವನ್ನೇ ನೀರೊಲೆಗೆ ಹಾಕಿದೆ. ತಪಾಸಣೆಗೆ ಯಾರೂ ಬರಲಿಲ್ಲ. ಈ ಮಾತನ್ನು ಇಂದಿನವರೆಗೂ ನುಂಗಿಕೊಂಡಿದ್ದೇನೆ.

ಕಾಕಾ ಕೇಳಿದಾಗ, ಗೆದ್ದಲು ತಿಂದಿತೆಂದೆ.

"ನಮ್ಮೂರ ಗೆದ್ದಲಿಗೂ ಇಂಗ್ಲಿಷ್ ಬಂತಲ್ರಿ," ಎಂದು ನಕ್ಕ. "ಇರ್ಲಿ. ಇನ್ನೊಂದು ಹುಡಕಾಕ ಹೋಗೂಣ, ನಡೀರಿ."

ಗದ್ವಾಲ, ರಾಯಚೂರು, ರದ್ದಿ ಅಂಗಡಿ, ಮಿಸ್ತ್ರಿಗಳ ಶೆಡ್ಡು. ಎಲ್ಲ ಕಡೆ ಅವನ ಹಿಂದೆ ನಾನೂ ಬಾಯಿ ಮುಚ್ಚಿಕೊಂಡು ತಿರುಗಿದೆ. ಎಲ್ಲೂ ಸಿಗಲಿಲ್ಲ. ಒಂದು ದಿನ ಭಾಗಗಳನ್ನು ತಿಕ್ಕಲು ನಮ್ಮ ಹಿತ್ತಲಿನಿಂದ ಒಂದು ಬುಟ್ಟಿ ಬೂದಿ ಒಯ್ದ. ಮರುದಿನ ಬಂದವನು ಹುಡುಕುವ ಮಾತೆತ್ತಲಿಲ್ಲ.

"ನಿಮ್ಮ ತಲ್ಯಾಗ ಉಳಿದಿದ್ದು ನೀವು ಹೇಳ್ರಿ, ನನ್ನ ಕೈಯಾಗ ಉಳಿದಿದ್ದು ನಾ ಹೇಳ್ತೀನಿ. ನಾವೇ ಬರಿಯೂಣ."

ಕನ್ನಡದಲ್ಲಿ ಬರೆಯತೊಡಗಿದೆ. ಪೆಟ್ರೋಲಿಗೆ ಎಷ್ಟು ಎಣ್ಣೆ ಬೆರೆಸಬೇಕೆಂಬುದು ಮಾತ್ರ ನೆನಪಾಗಲೇ ಇಲ್ಲ. ಅವನು ತಿಂಗಳುಗಟ್ಟಲೆ ಬೆರೆಸಿ ಬೆರೆಸಿ ನೋಡಿದ.

"ಎಣ್ಣಿ ಕಮ್ಮಿ ಆದ್ರ ಕಾದು ಬಿಗೀತೈತಿ. ಹೆಚ್ಚಾದ್ರ ಕೆಮ್ಮತೈತಿ. ಕೆಮ್ಮಿದ್ದು ಬದುಕತೈತಿ, ಬರಕೋರಿ."

ಮರುವರ್ಷ ಹೊಳೆ ಬಂದಾಗ ಮೋಟಾರು ಕೆಮ್ಮುತ್ತಲೇ ನಡೆಯಿತು. ಎಷ್ಟೋ ಬಸುರಿಯರನ್ನು ದಾಟಿಸಿತು. ನನ್ನ ಹೆಂಡತಿಯೂ ಅವರಲ್ಲೊಬ್ಬಳು.

ಕಾಕಾ ತೀರಿಕೊಂಡ ಮೇಲೆ ಕಾಕಿ ಆ ಹಾಳೆಗಳನ್ನು ತಂದುಕೊಟ್ಟಳು. ಹೊಲಿಗೆ ಅವನೇ ಹಾಕಿದ್ದ, ಸುಟ್ಟು ಕಪ್ಪಾದ ಎರಡು ದಪ್ಪ ತಂತಿಗಳಿಂದ.

"ಇವು ಎಲ್ಲಿ ಸಿಕ್ಕವು ಕಾಕಿ?"

"ನಿಮ್ಮ ಬೂದ್ಯಾಗ್ರಿ. ಮಾಸ್ತರಗ ತಿಳಿಯಗೊಡಬ್ಯಾಡ, ನಾಚ್ಕೊಂಡು ಬರಿಯೂದು ಬಿಟ್ಟಾರು, ಹೊಳಿ ಬರೂದೈತಿ ಅಂದಿದ್ರು."