‘ಬಸ್ಸು ಬಂದಳು’ ಎಂದ ಹುಡುಗಿಯ ಪರವಾಗಿ

ಬೆಳಗಿನ ಆರು ಗಂಟೆ. ರಾಯಚೂರಿನಿಂದ ಮಾನ್ವಿಗೆ ಹೊರಟ ಬಸ್ಸಿನಲ್ಲಿ ಮೌನೇಶ್ವರಿ ತೊಡೆಯ ಮೇಲೆ ಚಿತ್ರದ ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದಾರೆ. ಗಾಳಿಗೆ ಉರುಳಿದ ಕುರ್ಚಿ, ಬಿದ್ದ ಮರ, ಬಸ್ಸು ಹಿಡಿಯಲು ಓಡುವ ಅಜ್ಜಿ. ಮನೆಯಲ್ಲಿ ಬೇರೆ ಭಾಷೆಯಾಡುವ ಮಕ್ಕಳು ಇವನ್ನು ನೋಡಿ ಕನ್ನಡದಲ್ಲಿ ಕತೆ ಹೇಳಬೇಕು. ವ್ಯಾಕರಣ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಇವರು ಗುರುತು ಹಾಕಬೇಕು. ಸಂಸ್ಥೆಯೊಂದರ ಗುತ್ತಿಗೆ ಕೆಲಸ. ದಿನಕ್ಕೆ ಹನ್ನೆರಡು ಮಕ್ಕಳು, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಇವತ್ತು ಮಾನ್ವಿ, ನಾಳೆ ದೇವದುರ್ಗ, ನಾಡಿದ್ದು ಜಾಲಹಳ್ಳಿ. ಒಮ್ಮೆ ಹೋದ ಶಾಲೆಗೆ ಮತ್ತೆ ಹೋಗುವಂತಿಲ್ಲ.

“ಮಾಸ್ತರು ನನಗ ‘ತಪ್ಪು ಹಿಡಿಯಾಕಿ’ ಅಂತಾರ. ಊಟದ ಹೊತ್ತಿಗೆ ಒಬ್ಬಾಕಿನೇ ಡಬ್ಬಿ ಬಿಚ್ತೀನ್ರಿ,” ಎನ್ನುತ್ತಾರೆ.

ಹುಟ್ಟಿದ್ದು ಗಿಲ್ಲೆಸುಗೂರಿನಲ್ಲಿ. ಹತ್ತಿ ಬಿಡಿಸುವ ಕೂಲಿಯವರ ಮನೆ, ಮನೆಮಾತು ತೆಲುಗು. ಒಂದನೇ ಇಯತ್ತೆಯಲ್ಲಿ ‘ಅವ್ವ ಬಂತು’ ಎಂದಾಗ ತರಗತಿಯೆಲ್ಲ ನಕ್ಕಿತು. ವರ್ಷವಿಡೀ ಆಕೆ ಬಾಯಿ ತೆರೆಯಲಿಲ್ಲ. ತೆಲುಗಿನಲ್ಲಿ ಹೆಂಗಸಿಗೂ ವಸ್ತುವಿಗೂ ಕ್ರಿಯಾಪದದ ರೂಪ ಒಂದೇ, ತಾನು ದಡ್ಡಿಯಲ್ಲ ಎಂದು ತಿಳಿದದ್ದು ಡಿ.ಇಡಿ. ಓದುವಾಗ. ಹೋದ ವರ್ಷ ತಾಯಿ ಪಾರ್ವತೆಮ್ಮ ತೀರಿಕೊಂಡರು. “ಈಗ ಮನಿಮಾತು ಆಡಾಕ ಯಾರೂ ಇಲ್ರಿ. ರೂಮಿನ್ಯಾಗ ಒಮ್ಮೊಮ್ಮಿ ಒಬ್ಬಾಕಿನೇ ತೆಲುಗು ಮಾತಾಡ್ತೀನಿ.”

ಮೂರು ತಿಂಗಳ ಹಿಂದೆ ಮಾನ್ವಿಯ ಒಂದು ಶಾಲೆಯಲ್ಲಿ ನಾಲ್ಕನೇ ಇಯತ್ತೆಯ ತಹಮೀನಾ ಎದುರು ಕೂತಿದ್ದಳು. “ಬಸ್ಸು ಬಂದಳು. ಗಾಳಿ ಬಂದಳು. ಮರ ಬಿದ್ದ. ಕುರ್ಚಿ ಬಿದ್ದಳು.” ಅಂಕ ಇಪ್ಪತ್ತಕ್ಕೆ ಆರು. ಬುದ್ಧಿ ಸಾಲದೆಂದು ಅವಳನ್ನು ಎರಡನೇ ಇಯತ್ತೆಗೆ ಇಳಿಸಲು ಶಾಲೆ ಮೊದಲೇ ಪಟ್ಟಿ ಮಾಡಿತ್ತು. ಗೇಟಿನ ಬಳಿ ಕಾದಿದ್ದ ತಾಯಿ ಅಮೀರ್ ಬೀ ಹೇಳಿದರು: “ಸಣ್ಣವ್ರ ಜೊತಿ ಕೂಡ್ರಿಸಿದ್ರ ಆಕಿ ಸಾಲಿಗೇ ಬರಂಗಿಲ್ರಿ ಮೇಡಂ.”

ಆ ವಾರವೆಲ್ಲ ಮೌನೇಶ್ವರಿಗೆ ಅದೇ ಯೋಚನೆ. ಹುಡುಗಿಯ ಮನೆಮಾತು ಉರ್ದು; ಅದರಲ್ಲಿ ಬಸ್ಸು, ಗಾಳಿ, ಕುರ್ಚಿ ಹೆಣ್ಣು, ಮರ ಗಂಡು. ಹುಡುಗಿ ಬಾಯಿಗೆ ಬಂದದ್ದು ಹೇಳಿರಲಿಲ್ಲ. ರಜೆ ಹಾಕಿ, ನಿಯಮ ಮುರಿದು, ಇಪ್ಪತ್ತು ಹೊಸ ಚಿತ್ರ ಹಿಡಿದು ಮತ್ತೆ ಹೋದರು. ಹತ್ತೊಂಬತ್ತರಲ್ಲಿ ತಹಮೀನಾ ಉರ್ದುವಿನ ಲಿಂಗವನ್ನೇ ಹಚ್ಚಿದಳು.

“ತಪ್ಪು ತಪ್ಪೇ ಅಲ್ರೀ?” ಎಂದರು ಮುಖ್ಯೋಪಾಧ್ಯಾಯರು.

“ತಪ್ಪು ಖರೇರಿ ಸರ್. ಆದ್ರ ಮನ್ಯಾಗಿನ ನಿಯಮ ತಂದು ಇಲ್ಲಿ ಹಚ್ಯಾಳ. ದಡ್ಡರಿಗೆ ಇದು ಬರಂಗಿಲ್ಲ.”

ನಮೂನೆಯಲ್ಲಿ ಸರಿ, ತಪ್ಪು ಎರಡೇ ಅಂಕಣ. ಅಂಕ ತಿದ್ದದೆ, ಹಾಳೆಯ ಹಿಂಬದಿ ತುಂಬ ಕಾರಣ ಬರೆದು ಸಹಿ ಹಾಕಿದರು. ಸಂಸ್ಥೆ ನೋಟಿಸ್ ಕೊಟ್ಟಿತು: ಇನ್ನೊಮ್ಮೆ ಹೀಗಾದರೆ ಗುತ್ತಿಗೆ ರದ್ದು. ಹದಿನೈದು ದಿನದ ಮೇಲೆ ಮುಖ್ಯೋಪಾಧ್ಯಾಯರು ಫೋನ್ ಮಾಡಿ ಒಂದೇ ಮಾತು ಹೇಳಿದರು: “ಹುಡುಗಿ ನಾಲ್ಕನೇ ಇಯತ್ತೆಯಾಗೇ ಅದಾಳ್ರಿ.” ಈ ಸುದ್ದಿ ಹಂಚಿಕೊಳ್ಳಲು ರೂಮಿನಲ್ಲಿ ಯಾರೂ ಇರಲಿಲ್ಲ. ಅಮೀರ್ ಬೀಗೆ ಇದು ಯಾರು ಮಾಡಿದ್ದೆಂದು ಇಂದಿಗೂ ಗೊತ್ತಿಲ್ಲ.

ಏನು ಆಸೆ ಎಂದು ಕೇಳಿದರೆ ಮೌನೇಶ್ವರಿ ಚಿತ್ರದ ಹಾಳೆಗಳನ್ನು ಚೀಲಕ್ಕೆ ಸೇರಿಸುತ್ತ ಹೇಳುತ್ತಾರೆ:

“ಆ ಹುಡುಗಿ ಮಾತು ಇನ್ನೊಮ್ಮಿ ಕೇಳಬೇಕ್ರಿ. ಪರೀಕ್ಷಾ ಅಲ್ಲ, ಸುಮ್ನ. ಆಮ್ಯಾಲ ಆಕಿ ನನಗೇನರ ಕೇಳಿದ್ರ, ನಾನೂ ನನ್ನ ‘ಅವ್ವ ಬಂತು’ ಕತಿ ಹೇಳ್ತೀನಿ.”