ದೊಡ್ಡಮ್ಮನ ಕೈ ಮತ್ತು ದ್ರಾಕ್ಷಿ ತೋಟದ ಡ್ರಮ್ಮು

ನಮ್ಮ ದೊಡ್ಡಪ್ಪನ ಪ್ರಕಾರ ದೊಡ್ಡಮ್ಮನ ಕೈ ನಡುಗುವುದಕ್ಕೆ ಕಾರಣ ಟೀವಿ ಸೀರಿಯಲ್ಲು.

ಮುದ್ದೆಯಲ್ಲಿ ಗಂಟು ಸಿಕ್ಕಿತೋ, ಶುರು. "ಬೇಕೂಂತ್ಲೇ ಮಾಡ್ತಾಳೆ ಕಣ್ಲಾ! ಕೆಲ್ಸ ತಪ್ಪಿಸ್ಕೊಳ್ಳಾಕೆ ಸೀರಿಯಲ್ ನೋಡಿ ಕಲ್ತ ನಾಟ್ಕ!"

ದೊಡ್ಡಮ್ಮ ಬಲಗೈಯನ್ನು ಸೆರಗಿನೊಳಗೆ ಬಚ್ಚಿಡುತ್ತಿದ್ದರು. ಒಂದು ದಿನ ಮಾತ್ರ ನನ್ನ ಹತ್ತಿರ ಮೆಲ್ಲಗೆ ಅಂದರು: "ನಾಟ್ಕ ಅಲ್ಲ ಕಣಪ್ಪ. ಯಾರಾದ್ರೂ ಓದಿದೋರ ಬಾಯಲ್ಲಿ ಇವ್ರಿಗೆ ಹೇಳ್ಸು."

ಅಷ್ಟಕ್ಕಾಗಿ ಹೋದ ವಾರ ಇಬ್ಬರನ್ನೂ ಕಾರಿಗೆ ಹತ್ತಿಸಿಕೊಂಡು ಪುಟ್ಟೇನಹಳ್ಳಿಯಿಂದ ಹೆಬ್ಬಾಳದ ಆಸ್ಪತ್ರೆಗೆ ಹೊರಟೆ. (ಆ ಟ್ರಾಫಿಕ್ಕಿನಲ್ಲಿ ಕೂತ ಒಂದು ಗಂಟೆಗೆ ನಮ್ಮ ಮೂವರ ನರಗಳೂ ನಡುಗಿದವು, ಅದು ಬೇರೆ ಮಾತು.)

ನರರೋಗದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೊಡ್ಡಮ್ಮನನ್ನು ನಡೆಸಿ ನೋಡಿದರು, ಬೆರಳಿಗೆ ಬೆರಳು ತಟ್ಟಿಸಿದರು. ಪಾರ್ಕಿನ್ಸನ್ ಅಂದರು.

"ಅಂದ್ರೆ ನಾಟ್ಕ ಅಲ್ವಾ?" ದೊಡ್ಡಪ್ಪ.

"ಅಲ್ಲ ಸರ್."

ದೊಡ್ಡಮ್ಮ ಕೇಸು ಗೆದ್ದವರ ಹಾಗೆ ನನ್ನತ್ತ ನೋಡಿದರು. ಕಾಯಿಲೆಯ ಹೆಸರು ಕೇಳಿ ಇಷ್ಟು ಖುಷಿಪಟ್ಟವರನ್ನು ನಾನಂತೂ ಕಂಡಿಲ್ಲ.

"ಅಮ್ಮ ಏನು ಕೆಲಸ ಮಾಡ್ತಿದ್ರು?"

"ಇವ್ಳಾ? ಏನೂ ಇಲ್ಲ. ಮನೇಲೇ ಇದ್ಲು."

"ತೋಟ, ಕ್ರಿಮಿನಾಶಕ ಏನಾದ್ರೂ?"

"ಅದೆಲ್ಲ ನಂದು ಡಾಕ್ಟ್ರೇ. ಮೂರೆಕರೆ ದ್ರಾಕ್ಷಿ. ಔಸ್ದಿ ಒಡೀತಿದ್ದೋನು ನಾನು. ನನ್ ಕೈ ನೋಡಿ ಎಂಗದೆ, ಕಲ್ಲು ಕಂಬ!"

"ಸರಿ. ಅದನ್ನ ನೀರಿಗೆ ಕಲಸ್ತಿದ್ದೋರು ಯಾರು?"

ಕಂಬ ಮೇಲಿನ ಫ್ಯಾನು ನೋಡತೊಡಗಿತು.

"ನಾನೇ ಅಲ್ವೇನ್ರೀ?" ಅಂದರು ದೊಡ್ಡಮ್ಮ. "ನಿನ್ ಕೈಲಾದ್ರೆ ಗಂಟಾಗಲ್ಲ ಬಾ ಅಂತ ನೀವೇ ಕರೀತಿದ್ರಲ್ಲ!"

ವಿಷಯ ಇಷ್ಟೇ. ಮುದ್ದೆಯಲ್ಲಿ ಒಂದು ಗಂಟೂ ಬಿಡದ ಕೈ ಎಂದು ಹೆಸರಾದವರು ದೊಡ್ಡಮ್ಮ. ಅಂಥ ಕೈಯನ್ನು ಒಲೆಗಷ್ಟೇ ಬಿಡುವುದುಂಟೆ? ತಲೆಬುರುಡೆ ಚಿತ್ರದ ಡಬ್ಬಿಯಿಂದ ಡ್ರಮ್ಮಿಗೆ ಪುಡಿ ಸುರಿದು, ಮೊಣಕೈವರೆಗೆ ಬರಿಗೈ ಇಳಿಸಿ ಕಲಸುತ್ತಿದ್ದರು. ವರ್ಷಗಟ್ಟಲೆ. ಕೋಲಿರಲಿಲ್ಲವೇ? ಇತ್ತು. ತಳದ ಗಂಟು ಕೋಲಿಗೆ ಗೊತ್ತಾಗುವುದಿಲ್ಲವಂತೆ! ದೊಡ್ಡಪ್ಪ ಮಾತ್ರ ಮುಖಕ್ಕೆ ಟವೆಲ್ ಸುತ್ತಿಕೊಂಡೇ ಹೊಡೆಯುತ್ತಿದ್ದರು. ಆ ಟವೆಲ್ ಒಗೆದವರು ಯಾರು ಅಂತ ಕೇಳಬೇಡಿ.

"ಇದರಿಂದಲೇ ಬಂತು ಅಂತ ಹೇಳೋಕಾಗಲ್ಲ" ಅಂದರು ಡಾಕ್ಟರು. "ವಯಸ್ಸು, ವಂಶ, ಎಷ್ಟೋ ಕಾರಣ ಸೇರಿರುತ್ತೆ. ಆದ್ರೆ ಕ್ರಿಮಿನಾಶಕದ ಜೊತೆ ಇಷ್ಟು ವರ್ಷ ಇದ್ದೋರಿಗೆ ಅಪಾಯ ಜಾಸ್ತಿ."

ವಾಪಸು ಬರುವಾಗ, ನಮ್ಮ ತೋಟವಿದ್ದ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟ್ ಎದುರಾದಾಗ (ಹೆಸರಿನಲ್ಲಿ ಇನ್ನೂ ದ್ರಾಕ್ಷಿ ಉಳಿಸಿಕೊಂಡಿದ್ದಾರೆ, ಪುಣ್ಯಾತ್ಮರು!) ದೊಡ್ಡಪ್ಪ ಮುಖವನ್ನು ಇನ್ನೊಂದು ಕಡೆ ತಿರುಗಿಸಿಕೊಂಡರು.

ಮನೆಗೆ ಬಂದವರೇ ಅಡುಗೆಮನೆಗೆ ನುಗ್ಗಿ ತಾವೇ ಮುದ್ದೆ ಕೋಲು ಹಿಡಿದರು. ತಟ್ಟೆಗೆ ಬಿದ್ದದ್ದು ಮುದ್ದೆಯಲ್ಲ, ಜಲ್ಲಿ ಕ್ವಾರಿ. ದೊಡ್ಡಮ್ಮ ಒಂದು ತುತ್ತು ಮುರಿದು ನೋಡಿದರು.

"ಈ ಕೈಲಿ ಔಸ್ದಿ ಕಲ್ಸಿದ್ದಿದ್ರೆ ಹುಳಾನೂ ನಗ್ತಿತ್ತು!"

ದೊಡ್ಡಪ್ಪ ಒಂದು ಗಂಟನ್ನೂ ಬಿಡದೆ ನುಂಗಿದರು.

ಊಟವಾದ ಮೇಲೆ ಆಸ್ಪತ್ರೆಯ ಫೈಲು ತೆರೆದೆ. ಉದ್ಯೋಗದ ಜಾಗದಲ್ಲಿ ಕೌಂಟರಿನವರು ಮೊದಲೇ 'ಗೃಹಿಣಿ' ಎಂದು ಬರೆದಿದ್ದರು. ಅದರ ಪಕ್ಕದಲ್ಲಿ ಡಾಕ್ಟರು ಪೆನ್ನಿನಿಂದ ಸೇರಿಸಿದ್ದರು: ದ್ರಾಕ್ಷಿ ತೋಟ.

ನಿಮ್ಮ ಮನೆಯಲ್ಲಿ 'ಏನೂ ಕೆಲಸವಿಲ್ಲದೆ' ಇದ್ದವರ ಕೈ ಯಾವ ಡ್ರಮ್ಮಿನೊಳಗಿತ್ತು, ಯಾವತ್ತಾದರೂ ಕೇಳಿದ್ದೀರಾ?